ಮಣ್ಣಿನ ಹಂಗಿಲ್ಲದ ಗಿಡಗಳು

ಜಮೈಕಾ ದ್ವೀಪದ ಒಳನಾಡಿನಲ್ಲಿ ಸುಣ್ಣಕಲ್ಲಿನ ಗುಡ್ಡಗಳಿವೆ. ಅಲ್ಲಿ ಮಳೆಗೇನೂ ಬರವಿಲ್ಲ. ಆದರೆ ಬಿದ್ದ ನೀರು ಕಲ್ಲಿನ ಸಂದುಗಳಲ್ಲಿ ಇಳಿದು ನೆಲದೊಳಗೆ ಮಾಯವಾಗುತ್ತದೆ. ಹೊಂಡವಾಗಲಿ ಹಳ್ಳವಾಗಲಿ ಕಣ್ಣಿಗೆ ಬೀಳುವುದು ಅಪರೂಪ. ಅಂಥ ಕಾಡಿನಲ್ಲಿ ಒಂದು ಏಡಿ ಬದುಕುತ್ತದೆ. ಎರಡು ಸೆಂಟಿಮೀಟರ್ ಆಸುಪಾಸಿನ ಬೆನ್ನುಚಿಪ್ಪು, ಕೆಂಗಂದು ಬಣ್ಣ, ಎಲೆಗಳ ಸಂದಿಯಲ್ಲಿ ನುಸುಳಲು ಹೇಳಿ ಮಾಡಿಸಿದಂಥ ಚಪ್ಪಟೆ ಮೈ. ಇದರ ಪೂರ್ವಜರು ಸಮುದ್ರ ಬಿಟ್ಟು ದ್ವೀಪದೊಳಕ್ಕೆ ಬಂದು ಸುಮಾರು 40 ಲಕ್ಷ ವರ್ಷಗಳಾಗಿವೆ. ಸಮುದ್ರದ ಏಡಿಗಳು ಮೊಟ್ಟೆಯೊಡೆಯುವ ಹೊತ್ತಿಗೆ ಮರಿಗಳನ್ನು ನೀರಿಗೆ ಬಿಟ್ಟು ಕೈತೊಳೆದುಕೊಳ್ಳುತ್ತವೆ. ಇದಕ್ಕೆ ಬಿಡೋಣವೆಂದರೆ ನೀರೇ ಇಲ್ಲ. ಮರದ ಮೇಲೋ ಬಂಡೆಯ ಮೇಲೋ ಕುಳಿತ ಬ್ರೊಮಿಲಿಯಾಡ್ ಗಿಡದ ಎಲೆಬುಡದಲ್ಲಿ ನಿಂತ ಅರ್ಧ ಲೋಟ ಮಳೆನೀರೇ ಅದರ ಹೆರಿಗೆಮನೆ.

ತಾಯಿ ಏಡಿ ಮೊದಲು ಒಂದು ಎಲೆಸಂದನ್ನು ಆರಿಸಿಕೊಳ್ಳುತ್ತದೆ. ಅದರಲ್ಲಿ ಬಿದ್ದು ಕೊಳೆಯುತ್ತಿರುವ ತರಗೆಲೆಗಳನ್ನು ಒಂದೊಂದಾಗಿ ಎಳೆದು ಆಚೆ ಹಾಕುತ್ತದೆ. ತರಗು ಕೊಳೆತರೆ ನೀರಿನಲ್ಲಿರುವ ಆಮ್ಲಜನಕ ತೀರುತ್ತದೆ, ನೀರು ಹುಳಿಯಾಗುತ್ತದೆ, ಮರಿಗಳು ಉಳಿಯುವುದಿಲ್ಲ. ಆಮೇಲೆ ಕಾಡಿನಲ್ಲಿ ಬಿದ್ದಿರುವ ಬಸವನಹುಳುಗಳ ಖಾಲಿ ಚಿಪ್ಪುಗಳನ್ನು ಹುಡುಕಿ ತಂದು ಆ ನೀರಿಗೆ ಹಾಕುತ್ತದೆ. ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ ನೀರಿನ ಹುಳಿಯನ್ನು ತಗ್ಗಿಸುತ್ತದೆ; ಮರಿಗಳ ಚಿಪ್ಪು ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂ ಕೂಡ ಅದರಿಂದಲೇ. ಮೊಟ್ಟೆಯೊಡೆದ ಮೇಲೂ ತಾಯಿಯ ಕೆಲಸ ಮುಗಿಯುವುದಿಲ್ಲ. ಸಹಸ್ರಪದಿಗಳನ್ನು ಹಿಡಿದು ತಂದು ಮರಿಗಳಿಗೆ ಉಣಿಸುತ್ತದೆ. ಅದೇ ನೀರಿನಲ್ಲಿ ಹೊಂಚು ಹಾಕಿ ಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆ ಜಾತಿಯ ಕೀಟದ ಮರಿಗಳನ್ನು ಕೊಂದುಹಾಕುತ್ತದೆ. ಈ ಬಾಣಂತನವನ್ನು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಪ್ರಾಣಿವಿಜ್ಞಾನಿ ಗಿಡದ ಪಕ್ಕ ಕಾದು ಕುಳಿತು ಅಭ್ಯಾಸ ಮಾಡಿ 1989ರಲ್ಲಿ ಪ್ರಕಟಿಸಿದರು. ಏಡಿಗಳ ಲೋಕದಲ್ಲಿ ಇಂಥ ತಾಯ್ತನ ತೀರಾ ವಿರಳ.

ಬ್ರೊಮಿಲಿಯಾಡ್ ಎಂದೊಡನೆ ನಮಗೆ ನೆನಪಾಗುವುದು ಹೋಟೆಲಿನ ಮುಂಗಟ್ಟೆಯಲ್ಲಿ ಕೆಂಪು ಜುಟ್ಟು ಎತ್ತಿ ನಿಂತ ಕುಂಡದ ಗಿಡ. ಇಲ್ಲವೇ ಗಾಜಿನ ಬುರುಡೆಯಲ್ಲಿ ನೇತುಹಾಕಿದ, ಬೇರು ಕಾಣದ ಬೂದುಬಣ್ಣದ ಪುಟ್ಟ ಗಿಡ. ಮಾರುವವರು ಹೇಳುತ್ತಾರೆ: ಇದಕ್ಕೆ ಮಣ್ಣು ಬೇಡ, ನೀರೂ ಹೆಚ್ಚೇನೂ ಬೇಡ, ಗಾಳಿ ಕುಡಿದು ಬದುಕುತ್ತದೆ. ಆ ಮಾತನ್ನು ನಂಬಿ ಕೊಂಡವರ ಮನೆಗಳಲ್ಲಿ ಎಷ್ಟು ಗಿಡಗಳು ಒಣಗಿ ಸತ್ತಿವೆಯೋ! ಮಣ್ಣಿನ ಹಂಗನ್ನು ಇವು ತೊರೆದಿರುವುದು ನಿಜ. ಆದರೆ ಅದೊಂದನ್ನು ಬಿಟ್ಟದ್ದಕ್ಕೆ ಮಳೆ, ಮಂಜು, ಧೂಳು, ಮೇಲಿನಿಂದ ಉದುರುವ ಎಲೆ, ಹಕ್ಕಿಯ ಹಿಕ್ಕೆ, ಇರುವೆ, ಕಪ್ಪೆ ಇಷ್ಟೆಲ್ಲದರ ಹಂಗು ಹೊತ್ತುಕೊಂಡಿವೆ. ಈ ಲೆಕ್ಕ ತಿಳಿಯದೆ ಇವುಗಳನ್ನು ಕಾಡಿನಲ್ಲಿ ಕಾಯುವುದೂ ಆಗದು, ತಾರಸಿಯಲ್ಲಿ ಸಾಕುವುದೂ ಆಗದು.

ಅನಾನಸಿನ ಬಳಗ

ಬ್ರೊಮಿಲಿಯಾಡ್ ಕುಟುಂಬದಲ್ಲಿ 3,500ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದನ್ನು ಬಿಟ್ಟು ಉಳಿದವೆಲ್ಲ ಅಮೆರಿಕ ಖಂಡಗಳವು. ಉತ್ತರದ ವರ್ಜೀನಿಯಾದಿಂದ ಹಿಡಿದು ಚಿಲಿ, ಅರ್ಜೆಂಟೀನಾಗಳ ದಕ್ಷಿಣ ಭಾಗದವರೆಗೆ ಹಬ್ಬಿವೆ. ಆ ಒಂದು, ಪಿಟ್‌ಕೈರ್ನಿಯಾ ಫೆಲಿಸಿಯಾನಾ, ಪಶ್ಚಿಮ ಆಫ್ರಿಕದ ಗಿನಿಯ ಬಂಡೆಗಳ ಮೇಲೆ ಬೆಳೆಯುತ್ತದೆ. ಅದರ ಹಿರಿಯರು ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಹೇಗೋ ಅಟ್ಲಾಂಟಿಕ್ ದಾಟಿ ಅಲ್ಲಿ ಬೇರೂರಿದರು. ಭಾರತದ ಕಾಡಿನಲ್ಲಿ ಈ ಕುಟುಂಬದ ಸ್ವಂತ ಗಿಡ ಒಂದೂ ಇಲ್ಲ.

ಆದರೂ ಕುಟುಂಬದ ಒಬ್ಬ ಸದಸ್ಯನನ್ನು ನಾವು ತಲೆಮಾರುಗಳಿಂದ ಬಲ್ಲೆವು. ಬನವಾಸಿಯ ಹೊಲಗಳಲ್ಲಿ ಸಾಲುಸಾಲಾಗಿ ನಿಂತಿರುವ, ಕರಾವಳಿಯ ಮದುವೆಯೂಟದಲ್ಲಿ ಮೆಣಸ್ಕಾಯಿಯಾಗಿ ಎಲೆಗೆ ಬರುವ ಅನಾನಸ್ ಅಪ್ಪಟ ಬ್ರೊಮಿಲಿಯಾಡ್. ಪೋರ್ಚುಗೀಸರ ಹಡಗುಗಳಲ್ಲಿ 16ನೇ ಶತಮಾನದಲ್ಲಿ ಬಂದ ಈ ಹಣ್ಣು ಜಹಾಂಗೀರನ ಕಾಲಕ್ಕೆ ಆಗ್ರಾದ ಅರಮನೆ ತೋಟದಲ್ಲಿ ಸಾವಿರಗಟ್ಟಲೆ ಬಿಡುತ್ತಿತ್ತೆಂದು ಆತನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಳೆ ನಿಂತ ಮೇಲೆ ಅನಾನಸ್ ಗಿಡದ ಹತ್ತಿರ ಕೂತು ನೋಡಬೇಕು. ಗರಗಸದಂಚಿನ ಎಲೆಗಳು ಸುತ್ತು ಸುತ್ತಾಗಿ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಎಲೆಯ ಮೇಲೆ ಬಿದ್ದ ಹನಿ ತೋಡಿನಲ್ಲಿ ಜಾರುತ್ತಾ ನೇರ ಬುಡಕ್ಕೆ ಹೋಗುತ್ತದೆ. ಎಲೆಯ ತಳವನ್ನು ಮೆಲ್ಲಗೆ ಎಳೆದರೆ ಸಂದಿನಲ್ಲಿ ನೀರು, ನೀರಿನಲ್ಲಿ ತರಗು, ಕೆಲವೊಮ್ಮೆ ಆ ಸಂದಿನೊಳಕ್ಕೇ ಚಾಚಿಕೊಂಡ ಸಣ್ಣ ಬೇರುಗಳು. ಹಣ್ಣಾಗುವ ಮೊದಲು ಗೊಂಚಲಿನ ತುಂಬ ಕಿರುಬೆರಳ ತುದಿಯಷ್ಟಿರುವ ನೇರಳೆ ಹೂಗಳು ಬುಡದಿಂದ ಮೇಲಕ್ಕೆ ದಿನವೂ ಕೆಲವು ಅರಳುತ್ತಾ ಹೋಗುತ್ತವೆ. ಹೆಚ್ಚುವಾಗ ಚಾಕುವಿನ ಮೊನೆಯಿಂದ ತೆಗೆಯುವ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು.

ಕುಟುಂಬದ ಹೆಚ್ಚುಕಡಿಮೆ ಅರ್ಧ ಪ್ರಭೇದಗಳು ಅನಾನಸಿನ ಹಾಗೆ ನೆಲದ ಮೇಲೆಯೇ ಇವೆ. ಪೆರು ಮತ್ತು ಬೊಲಿವಿಯಾದ ಆಂಡಿಸ್ ಪರ್ವತಗಳಲ್ಲಿ 4,000 ಮೀಟರ್ ಎತ್ತರದ ಹುಲ್ಲುಗಾವಲಿನಲ್ಲಿ ಬೆಳೆಯುವ ಪೂಯ ರೈಮೊಂಡಿಯಂತೂ ಮೂರು ಮಹಡಿಯ ಮನೆಯ ಎತ್ತರಕ್ಕೆ ಹೂಗೊಂಚಲು ಎತ್ತುತ್ತದೆ. ಅದಕ್ಕೆ ಹಲವು ದಶಕ ಬೇಕು, ಕೆಲವೊಮ್ಮೆ 80ರಿಂದ 100 ವರ್ಷ. ಸಾವಿರಾರು ಹೂ ಬಿಟ್ಟು, ಬೀಜ ಚೆಲ್ಲಿ, ಗಿಡ ಸಾಯುತ್ತದೆ. ಉಳಿದರ್ಧ ಮರಗಳನ್ನು ಏರಿ ಕುಳಿತಿವೆ. ನಮ್ಮ ಮಾತು ಮುಖ್ಯವಾಗಿ ಇವುಗಳ ಬಗ್ಗೆ.

ಎಲೆಯೇ ಬಾಯಿ

ಮರದ ಕೊಂಬೆಯ ಮೇಲೆ ಕುಳಿತ ಟಿಲಾಂಡ್ಸಿಯಾ ಎಂಬ ಬ್ರೊಮಿಲಿಯಾಡ್‌ನ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಬರಿಗಣ್ಣಿಗೆ ಬೂದಿ ಬಳಿದಂತೆ ಕಾಣುವುದು ನಿಜಕ್ಕೂ ಒತ್ತೊತ್ತಾಗಿ ಜೋಡಿಸಿದ ಸೂಕ್ಷ್ಮ ಹುರುಪೆಗಳ ಸಾಲು. ಪ್ರತಿ ಹುರುಪೆಯ ನಡುವೆ ಒಂದು ಬಿಲ್ಲೆ, ಸುತ್ತಲೂ ರೆಕ್ಕೆ, ಕೆಳಗೆ ಎಲೆಯೊಳಕ್ಕೆ ಇಳಿದ ಜೀವಂತ ಕೋಶಗಳ ಕಾವು. ಎಲೆ ಒಣಗಿದ್ದಾಗ ರೆಕ್ಕೆಗಳು ನಿಮಿರಿ ನಿಂತು ಬಿಸಿಲನ್ನು ಚದುರಿಸುತ್ತವೆ. ಒಂದು ಹನಿ ಬಿದ್ದರೆ ಸತ್ತ ಕೋಶಗಳು ನೀರು ಹೀರಿ ಉಬ್ಬುತ್ತವೆ, ರೆಕ್ಕೆ ಎಲೆಗೆ ಒರಗುತ್ತದೆ, ನೀರು ಬಿಲ್ಲೆಯ ಕೆಳಗಿನ ಕೋಶಗಳ ಮೂಲಕ ಎಲೆಯೊಳಕ್ಕೆ ಹರಿಯುತ್ತದೆ. ಕಣ್ಣೆದುರೇ ಬೂದು ಎಲೆ ಹಸಿರಾಗುತ್ತದೆ. ಮತ್ತೆ ಒಣಗಿದಾಗ ಬಿಲ್ಲೆ ಕುಸಿದು ದಾರಿ ಮುಚ್ಚುತ್ತದೆ. ಒಳಗೆ ಹೋದ ನೀರು ಅದೇ ದಾರಿಯಲ್ಲಿ ಸುಲಭವಾಗಿ ಹೊರಬರಲಾರದು. ನೀರಿನ ಜೊತೆಗೆ ಅದರಲ್ಲಿ ಕರಗಿದ ಲವಣಗಳೂ ಹೀಗೆಯೇ ಒಳಗೆ ಹೋಗುತ್ತವೆ. ಬೇರಿಗೆ ಉಳಿದಿರುವುದು ಕೊಂಬೆಯನ್ನು ಬಿಗಿಯಾಗಿ ಹಿಡಿಯುವ ಕೆಲಸ ಮಾತ್ರ.

ಕುಡಿದ ನೀರನ್ನು ಉಳಿಸಿಕೊಳ್ಳುವ ಬಗೆಯೂ ಅಷ್ಟೇ ಜಾಣತನದ್ದು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆ ಹೊತ್ತಿಗೆ ಅವುಗಳ ನೀರೂ ಆವಿಯಾಗುತ್ತದೆ. ಬೂದುಬಣ್ಣದ ಟಿಲಾಂಡ್ಸಿಯಾಗಳು, ಅನಾನಸ್, ಇನ್ನೂ ಹಲವು ಬ್ರೊಮಿಲಿಯಾಡ್‌ಗಳು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆಯುತ್ತವೆ. ಎಳೆದುಕೊಂಡ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ ಎಲೆಯಲ್ಲಿ ಕೂಡಿಡುತ್ತವೆ. ಬೆಳಕು ಹರಿದ ಮೇಲೆ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಳಸಿ ಸಕ್ಕರೆ ತಯಾರಿಸುತ್ತವೆ. ಈ ಗುಟ್ಟಿನ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಟಿಪ್ಪು ಸುಲ್ತಾನನ ಪತನದ ನಂತರ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಇರುವುದನ್ನು ಅಗಿದು ನೋಡಿ ಕಂಡುಕೊಂಡು, 1813ರಲ್ಲಿ ಲಂಡನ್ನಿನ ಸಸ್ಯವಿಜ್ಞಾನಿಯೊಬ್ಬರಿಗೆ ಪತ್ರ ಬರೆದ. ಕಾಡುಬಸಳೆ ಬ್ರೊಮಿಲಿಯಾಡ್ ಅಲ್ಲ, ಆದರೆ ಅದರ ಎಲೆಯಲ್ಲಿ ನಡೆಯುವುದೂ ಇದೇ ವ್ಯವಹಾರ.

ಈ ಎರಡು ವಿದ್ಯೆಗಳ ಪರಾಕಾಷ್ಠೆ ಕಾಣಬೇಕಿದ್ದರೆ ಉತ್ತರ ಚಿಲಿಯ ಅಟಕಾಮಾ ಮರುಭೂಮಿಗೆ ಹೋಗಬೇಕು. ವರ್ಷಗಟ್ಟಲೆ ಮಳೆಯ ಹನಿ ಬೀಳದ ಮರಳುದಿಬ್ಬಗಳು. ಒಂದು ಹುಲ್ಲುಗರಿ ಇಲ್ಲ. ಆದರೆ ಶಾಂತ ಸಾಗರದ ಕಡೆಯಿಂದ ‘ಕಮಾಂಚಾಕಾ’ ಎಂದು ಅಲ್ಲಿಯವರು ಕರೆಯುವ ಮಂಜು ಮೇಲೇರಿ ಬರುವ ಇಳಿಜಾರುಗಳಲ್ಲಿ ಟಿಲಾಂಡ್ಸಿಯಾ ಲ್ಯಾಂಡ್‌ಬೆಕಿಯೈ ಎಂಬ ಗಿಡ ಬೂದು ಪಟ್ಟೆಗಳಾಗಿ ಹಾಸಿಕೊಂಡಿರುತ್ತದೆ. ಮರಳಿನಲ್ಲಿ ಅದಕ್ಕೆ ಬೇರಿನ ಹಿಡಿತವಿಲ್ಲ. ಸುಮ್ಮನೆ ಮೇಲೆ ಕುಳಿತಿದೆ. ಪಟ್ಟೆಗಳು ಮಂಜು ಬರುವ ದಿಕ್ಕಿಗೆ ಅಡ್ಡಲಾಗಿ ನಿಂತಿರುತ್ತವೆ, ಮುಂದಿನ ಸಾಲು ಹಿಂದಿನ ಸಾಲಿನ ಪಾಲನ್ನು ಪೂರ್ತಿ ಕಸಿಯದಷ್ಟು ಅಂತರ ಬಿಟ್ಟು. ಗಾಳಿ ತಂದ ಮರಳು ಗಿಡವನ್ನು ಮುಚ್ಚುತ್ತಾ ಬಂದರೆ ತುದಿ ಮೇಲಕ್ಕೆ ಬೆಳೆಯುತ್ತದೆ, ಕೆಳಗಿನ ಭಾಗ ಮರಳಿನಡಿ ಸತ್ತು ಉಳಿಯುತ್ತದೆ. ಆ ಇಳಿಜಾರಿನಲ್ಲಿ ಬದುಕಿರುವ ಸಸ್ಯ ಅದೊಂದೇ ಎನ್ನಬಹುದಾದ ಜಾಗಗಳಿವೆ. ಮಂಜಿನ ಹಾದಿ ಒಂದಿಷ್ಟು ಮೇಲೆ ಕೆಳಗೆ ಸರಿದರೆ ಅದಕ್ಕೆ ಬೇರೆ ಗತಿಯಿಲ್ಲ. ಭೂಮಿ ಬಿಸಿಯಾಗುತ್ತಿರುವ ಈ ಹೊತ್ತಿನಲ್ಲಿ ನನಗೆ ಅತ್ಯಂತ ಕಳವಳ ಹುಟ್ಟಿಸುವ ಗಿಡಗಳಲ್ಲಿ ಇದೂ ಒಂದು.

ಇದೇ ಟಿಲಾಂಡ್ಸಿಯಾ ಕುಲದ ಇನ್ನೊಂದು, ನಮ್ಮ ನರ್ಸರಿಗಳಲ್ಲಿ ಸ್ಪ್ಯಾನಿಷ್ ಮಾಸ್ ಎಂದು ಮಾರುವ ಜೋಲು ಎಳೆಗಳ ಗಿಡ, ಅಮೆರಿಕದ ದಕ್ಷಿಣ ರಾಜ್ಯಗಳ ಓಕ್ ಮರಗಳಿಂದ ಮಾರುದ್ದ ಇಳಿಬಿದ್ದಿರುತ್ತದೆ. ಬೆಳೆದ ಮೇಲೆ ಅದಕ್ಕೆ ಬೇರೇ ಇಲ್ಲ. ಒಂದು ಕಾಲಕ್ಕೆ ಲೂಸಿಯಾನಾ, ಫ್ಲಾರಿಡಾಗಳಲ್ಲಿ ಇದನ್ನು ಕೊಳೆಸಿ, ನಾರು ಬಿಡಿಸಿ, ಹಾಸಿಗೆಗೂ ಕಾರಿನ ಸೀಟಿಗೂ ತುಂಬುತ್ತಿದ್ದರು. ಗಾಳಿಯಲ್ಲಿ ಬಂದದ್ದನ್ನೆಲ್ಲ ಹೀರುವ ಗುಣದಿಂದಾಗಿ ಸೀಸದಂಥ ಲೋಹಗಳ ಮಾಲಿನ್ಯ ಅಳೆಯಲು ವಿಜ್ಞಾನಿಗಳು ಇದನ್ನು ಬಳಸುತ್ತಾರೆ. ಮೆಕ್ಸಿಕೊ, ಟೆಕ್ಸಸ್‌ಗಳ ವಿದ್ಯುತ್ ತಂತಿಗಳ ಮೇಲೆ ಚೆಂಡಿನಂತೆ ಕಟ್ಟಿಕೊಳ್ಳುವುದು ಇದರ ಹತ್ತಿರದ ನೆಂಟ.

ಕೊಂಬೆಯ ಮೇಲೊಂದು ಕೆರೆ

ಮಳೆಕಾಡಿನ ಬ್ರೊಮಿಲಿಯಾಡ್‌ಗಳು ಹಿಡಿದ ದಾರಿ ಬೇರೆ. ಅಗಲ ಎಲೆಗಳನ್ನು ಬುಡದಲ್ಲಿ ಬಿಗಿಯಾಗಿ ಸುತ್ತಿಕೊಂಡು ನೀರು ನಿಲ್ಲಿಸುತ್ತವೆ. ದೊಡ್ಡ ಗಿಡವೊಂದು ಹಲವು ಲೀಟರ್ ಹಿಡಿಯಬಲ್ಲದು. ದಟ್ಟವಾಗಿ ಬೆಳೆದ ಮಂಜುಕಾಡಿನಲ್ಲಿ ಒಂದು ಹೆಕ್ಟೇರಿನ ಗಿಡಗಳೆಲ್ಲ ಸೇರಿ 50,000 ಲೀಟರ್ ವರೆಗೂ ಹಿಡಿದಿಟ್ಟಿರುವ ಅಂದಾಜಿದೆ. ಊರಿಗೊಂದು ಕೆರೆ ಇದ್ದರೆ ದನಕರು, ಹಕ್ಕಿ, ಮೀನು, ಬಾವಿಯ ಸೆಲೆ ಎಲ್ಲಕ್ಕೂ ಹೇಗೆ ಆಧಾರವೋ, ನೆಲದಿಂದ ಮೂವತ್ತು ಮೀಟರ್ ಎತ್ತರದ ಕೊಂಬೆಯ ಜೀವಿಗಳಿಗೆ ಈ ಗಿಡ ಹಾಗೆ. ಕೋಸ್ಟರಿಕದ ಕ್ಲೊಡೊಮಿರೊ ಪಿಕಾಡೊ 1913ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ತಮ್ಮ ಪ್ರಬಂಧದಲ್ಲಿ ಬ್ರೊಮಿಲಿಯಾಡ್‌ಗಳೊಳಗೆ ಸಿಕ್ಕ ಸುಮಾರು 250 ಬಗೆಯ ಪ್ರಾಣಿಗಳನ್ನು ಪಟ್ಟಿ ಮಾಡಿದ್ದರು. ಅದಕ್ಕೂ ಮೊದಲು ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯೂಲರ್, ಈ ನೀರಿನಲ್ಲಲ್ಲದೆ ಬೇರೆಲ್ಲೂ ಬದುಕದ ಪುಟ್ಟ ಚಿಪ್ಪುಜೀವಿಯನ್ನು ವಿವರಿಸಿದ್ದರು. ಕೊಳವಿಲ್ಲದ ಕಡೆ ಅದು ಕಪ್ಪೆಗಳ ಮೈಗೆ ಅಂಟಿಕೊಂಡು ಒಂದು ಗಿಡದಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತದೆ.

ಹೆಬ್ಬೆರಳ ಉಗುರಿನಷ್ಟಿರುವ ಕೆಂಪು ವಿಷಗಪ್ಪೆಯ ಗೊದಮೊಟ್ಟೆಗಳು ಬೆಳೆಯುವುದೂ ಇಂಥ ಎಲೆಸಂದುಗಳಲ್ಲೇ. ತಾಯಿ ಅವನ್ನು ಬೆನ್ನ ಮೇಲೆ ಹೊತ್ತು ತಂದು ಸಂದಿಗೊಂದರಂತೆ ಬಿಟ್ಟು, ಕೆಲವು ದಿನಗಳಿಗೊಮ್ಮೆ ಬಂದು ತನ್ನದೇ ಬಂಜೆಮೊಟ್ಟೆಗಳನ್ನು ಉಣಿಸಿ ಹೋಗುತ್ತದೆ.

ಗಿಡಕ್ಕೆ ಇದರಿಂದೇನು ಲಾಭ? ಬಾಡಿಗೆ ಸಿಗುತ್ತದೆ. ನೀರಿನಲ್ಲಿ ಬಿದ್ದ ಎಲೆಯನ್ನು ಹುಳುಗಳು ಕಡಿದು ಪುಡಿ ಮಾಡುತ್ತವೆ, ಬ್ಯಾಕ್ಟೀರಿಯಾ ಕೊಳೆಸುತ್ತವೆ, ಕಪ್ಪೆ-ಜೇಡಗಳ ಹಿಕ್ಕೆ ಸೇರುತ್ತದೆ. ಆ ರಸದ ಸಾರಜನಕವನ್ನು ಎಲೆಬುಡದ ಹುರುಪೆಗಳು ಹೀರಿಕೊಳ್ಳುತ್ತವೆ. ನೀರು ಕದಡಿದ್ದಷ್ಟೂ ಗಿಡಕ್ಕೆ ಊಟ. ಕುಂಡದ ಗಿಡವನ್ನು ಅತಿಯಾಗಿ ತೊಳೆದು ಚೊಕ್ಕಟ ಮಾಡುವವರು ಇದನ್ನು ಮರೆಯಬಾರದು.

ಕೆರೆಯಿದ್ದಲ್ಲಿ ಸೊಳ್ಳೆಯೂ ಇದ್ದೇ ಇರುತ್ತದೆ. ಟ್ರಿನಿಡಾಡ್ ದ್ವೀಪದಲ್ಲಿ ಇದೇ ದೊಡ್ಡ ಗಂಡಾಂತರವಾಯಿತು. ಅಲ್ಲಿ ಕೋಕೋ ತೋಟಗಳಿಗೆ ನೆರಳಾಗಿ ಬೆಳೆಸಿದ್ದು ಎರಿತ್ರಿನಾ ಮರಗಳನ್ನು; ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಡುವ ಹಾಲುವಾಣದ ಕುಲವೇ. ಆ ಮರಗಳ ಕೊಂಬೆ ಕೊಂಬೆಯ ಮೇಲೂ ಬ್ರೊಮಿಲಿಯಾಡ್ ಕುಳಿತವು, ಅವುಗಳ ನೀರಿನಲ್ಲಿ ಅನಾಫಿಲಿಸ್ ಬೆಲ್ಲೇಟರ್ ಸೊಳ್ಳೆ ಮೊಟ್ಟೆಯಿಟ್ಟಿತು, ತೋಟದ ಕೂಲಿಗಳು ಮಲೇರಿಯಾದಿಂದ ನರಳಿದರು. ನೆಲದ ಮೇಲಿನ ಹೊಂಡ-ಚರಂಡಿಗಳನ್ನು ಎಷ್ಟು ಒಣಗಿಸಿದರೂ ಜ್ವರ ಇಳಿಯಲಿಲ್ಲ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಲ್ಲಿಗೆ ಬಂದ ಯುವ ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರಿ ಮರವೇರಿ ಈ ಸೊಳ್ಳೆ-ಗಿಡಗಳ ಸಂಬಂಧವನ್ನು ಬಿಡಿಸಿಟ್ಟರು. ಮರದ ಯಾವ ಎತ್ತರದಲ್ಲಿ ಯಾವ ಸೊಳ್ಳೆ ಎಷ್ಟು ಹೊತ್ತಿಗೆ ಕಚ್ಚುತ್ತದೆ ಎಂದು ಗಮನಿಸಿದ ಅವರೇ ಮುಂದೆ ಜೀವಿಗಳೊಳಗಿನ ಗಡಿಯಾರದ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದರು. ಮಲೇರಿಯಾಕ್ಕೆ ಮದ್ದು? ಮರಗಳಿಗೆ ಮೈಲುತುತ್ತದ ನೀರು ಹೊಡೆದರು. ಎರಿತ್ರಿನಾ ಉಳಿಯಿತು, ಬ್ರೊಮಿಲಿಯಾಡ್ ಸತ್ತವು. ತಾಮ್ರ ಈ ಕುಟುಂಬಕ್ಕೆ ಕಡುವಿಷ.

ಈ ಮಾತು ನಮ್ಮ ಅಡಿಕೆ ನಾಡಿಗೆ ನೇರವಾಗಿ ತಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದು ನೂರು ವರ್ಷಗಳೇ ಕಳೆದಿವೆ. ಇವತ್ತಿಗೂ ಮಳೆಗಾಲದ ಹೊಸಿಲಲ್ಲಿ ಮೈಲುತುತ್ತ, ಸುಣ್ಣ ಕಲಸಿ ಕೊನೆಗಳಿಗೆ ಹೊಡೆಯದ ತೋಟವಿಲ್ಲ. ಅಂಗಳದ ಅಂಚಿನ ಅಡಿಕೆ ಮರಗಳ ನೆರಳಿನಲ್ಲಿ ಬ್ರೊಮಿಲಿಯಾಡ್ ಸಾಲು ಚೆಂದವೇನೋ ಹೌದು. ಆದರೆ ಮೇಲಿನಿಂದ ತೊಟ್ಟಿಕ್ಕುವ ಬೋರ್ಡೋ ಅವುಗಳ ಸುಳಿಯೊಳಗೇ ನಿಲ್ಲುತ್ತದೆ. ಔಷಧಿ ಹೊಡೆಯುವ ದಿನ ಕುಂಡಗಳನ್ನು ಜಗುಲಿಗೆ ಸೇರಿಸಿ. ನೆಲದಲ್ಲಿ ನೆಡುವುದೇ ಆದರೆ ತೋಟದಿಂದ ದೂರ ನೆಡಿ. ಗಿಡವನ್ನು ಮರಕ್ಕೆ ಕಟ್ಟಲು ತಾಮ್ರದ ತಂತಿಯನ್ನಂತೂ ಬಳಸಲೇಬಾರದು.

ನಮ್ಮ ಕೊಂಬೆಗಳ ಒಕ್ಕಲು

ಬ್ರೊಮಿಲಿಯಾಡ್ ಇಲ್ಲದ ನಮ್ಮ ಪಶ್ಚಿಮಘಟ್ಟದಲ್ಲಿ ಕೊಂಬೆಗಳೇನು ಖಾಲಿ ಬಿದ್ದಿವೆಯೇ? ಆಗುಂಬೆಯ ಕಡೆಗೋ ಕೊಡಗಿಗೋ ಶ್ರಾವಣದಲ್ಲಿ ಹೋದವರಿಗೆ ಗೊತ್ತು. ಪಾಚಿ ಹೊದ್ದ ಕಾಂಡ, ಅದರ ಮೇಲೆ ಜರಿಗಿಡ, ಜರಿಯ ನಡುವೆ ಆರ್ಕಿಡ್. ಮಳೆ ಹಿಡಿಯುವ ಹೊತ್ತಿಗೆ ಗುಲಾಬಿ ಚುಕ್ಕೆಯ ಬಿಳಿಹೂಗಳ ಮಾಲೆ ಇಳಿಬಿಡುವ ಸೀತಾಳೆದಂಡೆ ಮಲೆನಾಡಿನ ಮಕ್ಕಳೆಲ್ಲ ಬಲ್ಲ ಹೂ. ಆರ್ಕಿಡ್ಡಿನ ಬೇರಿನ ಸುತ್ತ ಸತ್ತ ಕೋಶಗಳ ದಪ್ಪ ಬಿಳಿ ಪದರವಿದೆ; ಟಿಲಾಂಡ್ಸಿಯಾದ ಎಲೆಯ ಹುರುಪೆ ಮಾಡುವ ಕೆಲಸವನ್ನು ಇಲ್ಲಿ ಬೇರು ಮಾಡುತ್ತದೆ. ಮಳೆ ತಾಗಿದ ಕ್ಷಣದಲ್ಲಿ ಹೀರಿ ಹಸಿರಾಗುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ. ಡ್ರೈನೇರಿಯಾ ಎಂಬ ಜರಿಗಿಡವಂತೂ ಎರಡು ಬಗೆಯ ಎಲೆ ಬಿಡುತ್ತದೆ: ಉದ್ದನೆಯ ಹಸಿರು ಎಲೆ ಅನ್ನ ಬೇಯಿಸಲು, ಕಾಂಡಕ್ಕೆ ಒರಗಿದ ಗಿಡ್ಡ ಕಂದು ಎಲೆ ಉದುರುವ ತರಗನ್ನು ಹಿಡಿಯಲು. ಹಿಡಿದ ತರಗು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಅಮೆರಿಕದಲ್ಲಿ ಒಂದು ಕುಟುಂಬ ಕಂಡುಕೊಂಡ ಉಪಾಯಗಳನ್ನು ಇಲ್ಲಿ ಬೇರೆ ಬೇರೆ ಕುಟುಂಬಗಳು ತಂತಮ್ಮ ಅಂಗಗಳಿಂದ ಸಾಧಿಸಿವೆ.

ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಮರದ ಮೇಲೆ ಬೆಳೆದದ್ದೆಲ್ಲ ಬಂದಳಿಕೆ, ಮರದ ರಸ ಹೀರುತ್ತದೆ ಎಂದು ಕಿತ್ತೆಸೆಯುತ್ತಾರೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ಕದಿಯುತ್ತದೆ, ನಿಜ. ಸೀತಾಳೆಯಾಗಲಿ ಜರಿಯಾಗಲಿ ಮರದಿಂದ ಪಡೆಯುವುದು ಕೂರಲು ಜಾಗ ಮಾತ್ರ. ರಸ್ತೆ ಅಗಲಿಸಲು ಉರುಳಿಸಿದ ಹಳೆಯ ಮರವೊಂದರ ಜೊತೆ ಇಂಥ ಗಿಡಗಳು ಎಷ್ಟು ನೆಲಕ್ಕೆ ಬೀಳುತ್ತವೆ ಎಂಬುದನ್ನು ಯಾವ ಇಲಾಖೆಯ ಪಟ್ಟಿಯೂ ಹೇಳುವುದಿಲ್ಲ. ಹಳೆಯ ಕೊಂಬೆಯ ಒರಟು ತೊಗಟೆ, ಪಾಚಿ, ನೆರಳು ಕೂಡಿ ಬರಲು ದಶಕಗಳು ಬೇಕು. ಸಸಿ ನೆಟ್ಟು ತುಂಬಿಕೊಡುವ ನಷ್ಟವಲ್ಲ ಅದು.

ಅಂಗಳಕ್ಕೆ ಬಂದಾಗ

ಬ್ರೊಮಿಲಿಯಾಡ್‌ಗಳನ್ನು ತೋಟಗಾರಿಕೆಯ ಮುನ್ನೆಲೆಗೆ ತಂದವರಲ್ಲಿ ದೊಡ್ಡ ಹೆಸರು ಬ್ರೆಜಿಲ್‌ನ ರೊಬರ್ಟೊ ಬರ್ಲೆ ಮಾರ್ಕ್ಸ್ ಅವರದು. ಯುರೋಪಿನ ಗುಲಾಬಿಗಳನ್ನು ನೆಟ್ಟು ಹೆಮ್ಮೆಪಡುತ್ತಿದ್ದ ಕಾಲದಲ್ಲಿ ತಮ್ಮ ಕಾಡಿನ ಗಿಡಗಳನ್ನು ನಗರದ ಉದ್ಯಾನಕ್ಕೆ ತಂದರು. ಕಡಿದುಹೋಗುತ್ತಿದ್ದ ಕಾಡುಗಳಿಗೆ ಗೆಳೆಯರೊಡನೆ ಹೋಗಿ ಗಿಡ ಉಳಿಸಿ ತರುತ್ತಿದ್ದರು. ರಿಯೊ ಹೊರವಲಯದಲ್ಲಿ 1949ರಲ್ಲಿ ಕೊಂಡ ಅವರ ತೋಟ 2021ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಾಡಿನಲ್ಲಿ ಬಂಡೆಯ ಮೇಲೆ ಬೆಳೆಯುವ ಗಿಡವನ್ನು ಬಂಡೆಯ ಮೇಲೆಯೇ ನೆಡಬೇಕು ಎಂಬ ಅವರ ಕ್ರಮ ಇಂದಿಗೂ ನನಗೆ ಅತ್ಯುತ್ತಮ ಪಾಠವಾಗಿ ಕಾಣುತ್ತದೆ.

ನಮ್ಮ ಕಡೆ ಈಗ ಗುಜ್ಮೇನಿಯಾ, ನಿಯೊರೆಜೀಲಿಯಾ, ವ್ರಿಸಿಯಾ, ಈಕ್ಮಿಯಾಗಳು ಸಣ್ಣ ಊರಿನ ನರ್ಸರಿಗಳಲ್ಲೂ ಸಿಗುತ್ತವೆ. ಯಾವುದಕ್ಕೆ ಎಷ್ಟು ಬಿಸಿಲು ಎನ್ನುವುದನ್ನು ಎಲೆಯೇ ಹೇಳುತ್ತದೆ. ಎಲೆ ಬೂದಾಗಿ, ದಪ್ಪಗೆ, ಮುಳ್ಳಂಚಿನದಾಗಿದ್ದರೆ ಅದು ಬೆಳಕಿನ ಗಿಡ. ತೆಳುವಾಗಿ, ಮೆದುವಾಗಿ, ಹಸಿರಾಗಿದ್ದರೆ ನೆರಳಿನದು. ನಿಯೊರೆಜೀಲಿಯಾಕ್ಕೆ ಬೆಳಗಿನ ಬಿಸಿಲು ತಾಗದಿದ್ದರೆ ಕೆಂಬಣ್ಣ ಮಾಸುತ್ತದೆ; ಗುಜ್ಮೇನಿಯಾವನ್ನು ಏಪ್ರಿಲ್ ಮಧ್ಯಾಹ್ನದ ಬಿಸಿಲಿಗಿಟ್ಟರೆ ಎಲೆ ಸುಟ್ಟುಹೋಗುತ್ತದೆ. ಕುಂಡಕ್ಕೆ ಜೇಡಿಮಣ್ಣು ಬೇಡವೇ ಬೇಡ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹೆಂಚಿನ ಚೂರು ಸಾಕು. ನೀರು ಬುಡಕ್ಕಿಂತ ಸುಳಿಗೆ.

ಯಾವ ನೀರು ಎಂಬುದೇ ಬೆಂಗಳೂರಿನಲ್ಲಿ ನಿಜವಾದ ಪ್ರಶ್ನೆ. ಗಡಸಾದ ಬೋರ್‌ವೆಲ್ ನೀರು ಎಲೆಯ ಮೇಲೆ ಒಣಗಿದಾಗ ಬಿಳಿ ಲವಣ ಉಳಿಯುತ್ತದೆ, ಹುರುಪೆಗಳ ಬಾಯಿ ಕಟ್ಟುತ್ತದೆ. ತಾರಸಿಯ ಮಳೆನೀರನ್ನು ಒಂದೆರಡು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಆರೈಕೆ ಇನ್ನೊಂದಿಲ್ಲ. ಟಿಲಾಂಡ್ಸಿಯಾಗಳನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಆ ನೀರಿನಲ್ಲಿ ಮುಳುಗಿಸಿ, ತಲೆಕೆಳಗು ಮಾಡಿ ಕೊಡವಿ, ಗಾಳಿಯಾಡುವ ಕಡೆ ಇಡಬೇಕು. ಫೆಬ್ರುವರಿಯಿಂದ ಮೇವರೆಗೆ ವಾರದ ನಡುವೆ ಇನ್ನೊಮ್ಮೆ. ಬೆಳಿಗ್ಗೆಯೇ ಮುಳುಗಿಸುವುದು ಮೇಲು. ರಾತ್ರಿ ಉಸಿರಾಡುವ ಗಿಡದ ಎಲೆ ಕತ್ತಲಾಗುವ ಹೊತ್ತಿಗೆ ಒಣಗಿರಬೇಕು, ಇಲ್ಲವಾದರೆ ಎಲೆಯ ಮೇಲಿನ ನೀರಿನ ಪೊರೆಯೇ ಅನಿಲದ ದಾರಿ ಮುಚ್ಚುತ್ತದೆ. ಕರಾವಳಿಯಲ್ಲಿ ಸಮಸ್ಯೆ ತಿರುವುಮುರುವು: ಜೂನ್-ಜುಲೈನ ಎಡೆಬಿಡದ ಮಳೆಯಲ್ಲಿ ಬೂದುಬಣ್ಣದವು ಸುಳಿ ಕೊಳೆತು ಬಿದ್ದುಹೋಗುತ್ತವೆ, ಸೂರಿನಡಿಗೆ ತರಬೇಕು. ಗಾಜಿನ ಬುರುಡೆಯೊಳಗಿನ ವಾಸ ಇವಕ್ಕೆ ಎಲ್ಲಿಯೂ ಹಿತವಲ್ಲ.

ಡೆಂಗಿ ಕಾಲದಲ್ಲಿ ಸುಳಿಯ ನೀರಿನ ಭಯ ಸಹಜ. ರಿಯೊ ಡಿ ಜನೈರೊದ ಸಸ್ಯೋದ್ಯಾನದ ಬ್ರೊಮಿಲಿಯಾಡ್‌ಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಡೆಂಗಿ ಹರಡುವ ಈಡಿಸ್ ಈಜಿಪ್ಟಿಯ ಮರಿಗಳು ಸಿಕ್ಕಿದ್ದು ತೀರಾ ಕಡಿಮೆ. ಅದರ ಒಲವು ಡ್ರಮ್ಮು, ಟೈರುಗಳ ಕಡೆಗೆ. ಹಾಗೆಂದು ಮೈಮರೆಯುವಂತಿಲ್ಲ. ಬ್ರೆಜಿಲ್‌ನ ಕಾಡಿನಲ್ಲಿ ಸೊಳ್ಳೆಮರಿ ತಿನ್ನುವ ಜೀವಿಗಳಿವೆ, ನಮ್ಮ ಬಾಲ್ಕನಿಯಲ್ಲಿ ಅವಿಲ್ಲ. ವಾರಕ್ಕೊಮ್ಮೆ ಪೈಪಿನಿಂದ ರಭಸವಾಗಿ ನೀರು ಬಿಟ್ಟು ಸುಳಿಯ ಹಳೇ ನೀರು ಚೆಲ್ಲಿಸಿ. ಮಳೆನೀರಿನ ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟಿ.

ಹೂ ಬಿಡದ ಗಿಡಕ್ಕೆ ಒಂದು ಹಳೆಯ ಉಪಾಯವಿದೆ. ಸುಳಿಯ ನೀರು ಚೆಲ್ಲಿ, ಮಾಗಿದ ಸೇಬಿನೊಂದಿಗೆ ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ವಾರ ಹತ್ತು ದಿನ ಮುಚ್ಚಿಡುವುದು. ಹಣ್ಣು ಸೂಸುವ ಎಥಿಲೀನ್ ಅನಿಲ ಹೂವಿಗೆ ಪ್ರೇರಣೆ. ಅನಾನಸ್ ರೈತರು ಸುಳಿಗೆ ಎಥ್ರೆಲ್ ಹಾಕಿ ಹೊಲವೆಲ್ಲ ಒಟ್ಟಿಗೆ ಹಣ್ಣಾಗುವಂತೆ ಮಾಡುವುದೂ ಇದರಿಂದಲೇ. ಪೂರ್ತಿ ಬೆಳೆದ ಗಿಡಕ್ಕೆ ಮಾತ್ರ ಹೀಗೆ ಮಾಡಬೇಕು, ಏಕೆಂದರೆ ಒಂದು ಸುಳಿ ಹೂ ಬಿಡುವುದು ಒಮ್ಮೆಯೇ. ಹೂವಾದ ಮೇಲೆ ತಾಯಿಗಿಡ ತಿಂಗಳುಗಟ್ಟಲೆ ನಿಧಾನವಾಗಿ ಬಾಡುತ್ತದೆ. ಅಷ್ಟರಲ್ಲಿ ಬುಡದಲ್ಲಿ ಕಂದುಗಳು ಎದ್ದಿರುತ್ತವೆ. ತಾಯಿಯ ಅರ್ಧದಷ್ಟು ಬೆಳೆಯುವವರೆಗೆ ಅವನ್ನು ಬೇರ್ಪಡಿಸುವ ಅವಸರ ಬೇಡ.

ಎಲ್ಲ ಪ್ರಭೇದಗಳಿಗೂ ಈ ಕಂದಿನ ಆಸರೆ ಇಲ್ಲ. ಫ್ಲಾರಿಡಾದ ಟಿಲಾಂಡ್ಸಿಯಾ ಯುಟ್ರಿಕ್ಯುಲೇಟಾ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳೆದು, ಆಳೆತ್ತರದ ಹೂಗೊಂಚಲು ಎತ್ತಿ, ಬೀಜ ಬಿಟ್ಟು ಸಾಯುತ್ತದೆ. ಅಲ್ಲಿ ಅದು ಕಂದು ಹಾಕುವುದು ವಿರಳ. ಬೀಜವೇ ವಂಶ. 1989ರಲ್ಲಿ ಅಲ್ಲಿ ಒಂದು ಮೂತಿಹುಳು ಕಾಣಿಸಿಕೊಂಡಿತು, ನಮ್ಮ ತೆಂಗನ್ನು ಕಾಡುವ ಕೆಂಪು ಮೂತಿಹುಳುವಿನ ಬಳಗದ್ದು. ಮೆಕ್ಸಿಕೊದಿಂದ ಅಲಂಕಾರಕ್ಕೆಂದು ತರಿಸಿದ ಬ್ರೊಮಿಲಿಯಾಡ್‌ಗಳ ಜೊತೆ ಬಂದದ್ದು ಅದು. ಮರಿಹುಳು ಗಿಡದ ಒಳಸುಳಿಯನ್ನು ಕೊರೆದು ತಿನ್ನುತ್ತದೆ. ಹೂವಾಗುವ ಮೊದಲೇ ಗಿಡ ಕಳಚಿ ನೆಲಕ್ಕೆ ಬೀಳುತ್ತದೆ. ಮರಗಳ ತುಂಬ ಇದ್ದ ಗಿಡಗಳು ಕಾಡಿಗೆ ಕಾಡೇ ಮಾಯವಾದವು. ಹೊಂಡುರಾಸ್‌ನಿಂದ ಹುಳುವಿನ ಶತ್ರುವಾದ ನೊಣವೊಂದನ್ನು ತಂದು ಬಿಟ್ಟರೂ ಹಾವಳಿ ನಿಲ್ಲಲಿಲ್ಲ. ಹೀಗಾಗಿ ಅಲ್ಲಿನ ಕೆಲವು ರಕ್ಷಿತಾರಣ್ಯಗಳಲ್ಲಿ ಸ್ವಯಂಸೇವಕರು ಉಳಿದ ದೊಡ್ಡ ಗಿಡಗಳನ್ನು ಬಲೆಯ ಗೂಡಿನೊಳಗಿಟ್ಟು ಹೂವಾಗುವವರೆಗೆ ಕಾಯುತ್ತಾರೆ, ಕಾಯಿ ಒಡೆದ ಮೇಲೆ ಹತ್ತಿಯ ಎಳೆಯಂಥ ರೆಕ್ಕೆಬೀಜಗಳನ್ನು ಮರಗಳಿಗೆ ತೂರುತ್ತಾರೆ.

ಗ್ವಾಟೆಮಾಲಾದ ಟಿಲಾಂಡ್ಸಿಯಾ ಜೆರೋಗ್ರಾಫಿಕಾ, ಅಲಂಕಾರಪ್ರಿಯರು ಮುಗಿಬಿದ್ದು ಕೊಳ್ಳುವ ಬೆಳ್ಳಿ ಸುರುಳಿ ಎಲೆಯ ಗಿಡ, ಕಾಡಿನಿಂದ ಕಿತ್ತು ಮಾರಿದ್ದರಿಂದಲೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಬೇಕಾಯಿತು. ಈಗ ನರ್ಸರಿಗಳಲ್ಲಿ ಬೀಜದಿಂದ ಬೆಳೆಸಿದ್ದು ಕಾಗದಪತ್ರಗಳೊಡನೆ ಸಿಗುತ್ತದೆ. ಕೊಳ್ಳುವ ಮೊದಲು ಗಿಡವನ್ನು ತಿರುಗಿಸಿ ಬುಡ ನೋಡಿ, ಎಲ್ಲಿ ಬೆಳೆಸಿದ್ದೆಂದು ಕೇಳಿ. ಹೊಸ ಗಿಡವನ್ನು ಕೆಲವು ವಾರ ಬೇರೆ ಇಟ್ಟು ಹುಳುವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಉಳಿದವುಗಳ ಜೊತೆ ಸೇರಿಸಿ. ಹೆಚ್ಚಾದ ಕಂದುಗಳನ್ನು ನೆರೆಹೊರೆಗೆ ಹಂಚಿ. ಮಲೆನಾಡಿನ ತೋಟದ ಮನೆಯವರಾದರೆ ಬೇಲಿಯಾಚೆಯ ಕಾಡಿಗೆ ಮಾತ್ರ ಎಸೆಯಬೇಡಿ. ಆ ಕೊಂಬೆಗಳ ಮೇಲೆ ಸೀತಾಳೆಗೆ ಜಾಗ ಬೇಕು.